ತೋಳಿಗೆ ಕಟ್ಟುವ ಪಟ್ಟಿ

ಲಕ್ಕಮ್ಮನ ಮಗಳು ಸತ್ತಿದ್ದು ಭಾನುವಾರ. ಬೀಪಿ ಮಿಷನ್ನು ಬೀರುವಿನಿಂದ ಹೊರಗೆ ಬಂದಿದ್ದು ಸೋಮವಾರ. ಅದೂ ದೊಡ್ಡಮನೆಯ ಯಜಮಾನರಿಗೆ ತಲೆಸುತ್ತು ಬಂತು ಅಂತ.

ಹೊಳೆನರಸೀಪುರದಿಂದ ಅರಕಲಗೂಡಿನ ಕಡೆ ಹೋಗುವ ಬಸ್ಸು ಹತ್ತಿ, ನಡುವೆ ಇಳಿದು ಎರಡು ಮೈಲಿ ನಡೆದರೆ ಕಂಚೀಕೊಪ್ಪಲು. ಮೊದಲು ಊರು. ಆಮೇಲೆ ನಾಲೆ. ನಾಲೆ ದಾಟಿದರೆ ಕಾಲೊನಿ. ನಾಲೆಯ ಏರಿಯ ಮೇಲೆ, ಊರಿಗೂ ಕಾಲೊನಿಗೂ ನಡುವೆ, ಟ್ರಸ್ಟಿನ ಕಟ್ಟಡ. ಕೆಳಗೆ ಆಸ್ಪತ್ರೆ, ಪಕ್ಕದಲ್ಲಿ ಮಕ್ಕಳ ಸಂಜೆ ಪಾಠದ ಕೋಣೆ, ಮೇಲೆ ಹೊರದೇಶದವರು ಉಳಿಯುವ ಕೋಣೆಗಳು. ಕಟ್ಟಿದ ದುಡ್ಡು ಹಾಲೆಂಡಿನವರದು. ಜಾಗ ದೊಡ್ಡಮನೆ ಚನ್ನಪ್ಪನವರದು. ಕಲ್ಲು ಮಣ್ಣು ಹೊತ್ತಿದ್ದು ಕಾಲೊನಿಯವರು. ಬಾಗಿಲ ಮೇಲಿನ ಬೋರ್ಡಿನಲ್ಲಿ ಮೊದಲ ಇಬ್ಬರ ಹೆಸರಿತ್ತು.

ಪ್ರತಿ ಜನವರಿಗೆ ಹತ್ತು ಹನ್ನೆರಡು ಜನ ಬಿಳಿಯರು ಬಂದು ಎರಡು ತಿಂಗಳು ಇರುತ್ತಿದ್ದರು. ಹೆಚ್ಚಿನವರು ಹುಡುಗ ಹುಡುಗಿಯರು. ಬೆಳಿಗ್ಗೆ ಕಾಲೊನಿ ಶಾಲೆಗೆ ಹೋಗಿ ಮಕ್ಕಳಿಗೆ ಇಂಗ್ಲಿಷ್ ಹಾಡು ಹೇಳಿಕೊಡುತ್ತಿದ್ದರು. ಮಧ್ಯಾಹ್ನ ಗೋಡೆಗೆ ಬಣ್ಣ ಬಳಿಯುತ್ತಿದ್ದರು. ಹೋದ ವರ್ಷದವರು ಬರೆದ ಆನೆಯ ಮೇಲೆ ಈ ವರ್ಷದವರು ಸುಣ್ಣ ಹೊಡೆದು ಇನ್ನೊಂದು ಆನೆ ಬರೆಯುತ್ತಿದ್ದರು. ಮಳೆಗಾಲದಲ್ಲಿ ಆ ಆನೆಯ ಮೇಲೆಯೇ ನೀರು ಇಳಿಯುತ್ತಿತ್ತು. ಹೆಂಚು ಒಡೆದಿದೆ ಅಂತ ಯಾರೂ ಅವರಿಗೆ ಹೇಳಲಿಲ್ಲ. ಅವರು ಮಳೆಗಾಲವನ್ನು ಕಂಡವರಲ್ಲ. ಆದರೂ ಮಕ್ಕಳಿಗೆ ಆ ಎರಡು ತಿಂಗಳೆಂದರೆ ಪ್ರಾಣ. ಅವರು ಬಂದರೆ ಹಾಲು, ಬಿಸ್ಕತ್ತು, ಪುಸ್ತಕ. ಹೆಸರು ಹಿಡಿದು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುವ ದೊಡ್ಡವರು.

ಲಕ್ಕಮ್ಮ ಆ ಕಟ್ಟಡದ ಆಯಾ. ನಲವತ್ತೆಂಟರ ಹೆಂಗಸು. ಅದಕ್ಕೆ ಮೊದಲು ಇಪ್ಪತ್ತೈದು ವರ್ಷ ದೊಡ್ಡಮನೆಯ ಗದ್ದೆಯಲ್ಲಿ ನಾಟಿ ಹಾಕಿದವಳು. ಬಗ್ಗಿ ಬಗ್ಗಿ ಅವಳ ಬೆನ್ನು ಈಗ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಯ ನೆಲ ಒರೆಸಬೇಕು. ಗಾಯಕ್ಕೆ ಕಟ್ಟಿದ ಬಟ್ಟೆ ಒಗೆಯಬೇಕು. ಬಿಳಿಯರಿದ್ದಾಗ ಅವರ ಕಕ್ಕಸು ತೊಳೆಯಬೇಕು, ಸ್ನಾನಕ್ಕೆ ಬಿಸಿನೀರನ್ನು ಮಹಡಿಗೆ ಹೊರಬೇಕು. ಹನ್ನೆರಡು ಜನ, ಇಪ್ಪತ್ತನಾಲ್ಕು ಬಕೆಟ್ಟು, ಇಪ್ಪತ್ತು ಮೆಟ್ಟಿಲು. ಅವಳ ಗಂಡ ಹೊನ್ನಯ್ಯ ದೊಡ್ಡಮನೆಯ ತೆಂಗಿನ ತೋಟದಲ್ಲಿ ಕಾಯಿ ಸುಲಿಯುತ್ತಿದ್ದ.

ಬಂದವರಲ್ಲಿ ಒಬ್ಬಳು ಮಾತ್ರ ಪ್ರತಿ ವರ್ಷ ಬರುತ್ತಿದ್ದಳು. ಹೆಸರು ಮರೈಕೆ. ಕಾಲೊನಿಯವರ ಬಾಯಲ್ಲಿ ಎರಡೇ ದಿನಕ್ಕೆ ಮಾರಕ್ಕ ಆದಳು. ಐವತ್ತು ದಾಟಿದ ಹೆಂಗಸು, ತನ್ನ ದೇಶದಲ್ಲಿ ದೊಡ್ಡ ಆಸ್ಪತ್ರೆಯ ನರ್ಸು. ಲಕ್ಕಮ್ಮ ಬಕೆಟ್ಟು ಹೊತ್ತು ಬರುವುದನ್ನು ಕಂಡರೆ ಓಡಿಬಂದು ಇನ್ನೊಂದು ಕಡೆ ಹಿಡಿಯುತ್ತಿದ್ದಳು. ಅವಳಿಗೆ ಕನ್ನಡ ಬಾರದು, ಇವಳಿಗೆ ಇಂಗ್ಲಿಷ್ ಬಾರದು. ಕೈಯಲ್ಲಿ, ಕಣ್ಣಲ್ಲಿ ಮಾತು ನಡೆಯುತ್ತಿತ್ತು.

ಲಕ್ಕಮ್ಮ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಅಂಕಿ ಬರುತ್ತಿತ್ತು. ಅದು ಗೊತ್ತಾದ ದಿನ ಮಾರಕ್ಕ ಅವಳನ್ನು ಕುರ್ಚಿಯ ಮೇಲೆ ಕೂರಿಸಿ ಬೀಪಿ ಮಿಷನ್ನು ಕೈಗೆ ಕೊಟ್ಟಳು. ಹೀಗೆ ಪಟ್ಟಿ ಸುತ್ತು. ಹೀಗೆ ಗುಂಡಿ ಒತ್ತು. ಮೇಲಿನ ಅಂಕಿ ಇಷ್ಟಿದ್ದರೆ ‘ಓಕೆ’. ನೂರ ನಲವತ್ತು ದಾಟಿದರೆ ‘ಹೈ’. ಆಮೇಲೆ ಹೊಟ್ಟೆಯ ಮುಂದೆ ಕೈಯನ್ನು ದೊಡ್ಡದಾಗಿ ತಿರುಗಿಸಿ ಬಸುರಿ ಅಂತ ತೋರಿಸಿದಳು. ಬಸುರಿಗೆ ಹೈ ಇದ್ದರೆ? ಮಾರಕ್ಕ ಎದ್ದು ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ಓಡಿ ತೋರಿಸಿದಳು. ಕಾಯಬೇಡ, ಓಡು. ಬೆಳ್ಳಗಿನ ದಪ್ಪ ಹೆಂಗಸು ಹಾಗೆ ಓಡಿದ್ದು ಕಂಡು ಲಕ್ಕಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ಮೊದಲು ಪಟ್ಟಿ ಕಟ್ಟಿದ್ದು ಮಗಳು ಭಾಗ್ಯಲಕ್ಷ್ಮಿಯ ತೋಳಿಗೆ. ಅವಳು ಮದುವೆಯಾಗಿ ಆರು ತಿಂಗಳಾಗಿತ್ತು. ಗಂಡ ನಟರಾಜ್ ಹೊಳೆನರಸೀಪುರದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಸಂಕ್ರಾಂತಿಗೆ ತವರಿಗೆ ಬಂದಿದ್ದಳು.

“ಅವ್ವ, ಬುಡವ್ವ, ಕೈ ಕಿತ್ಕೊಂಡ್ಬುಡ್ತದೇನೋ!”

“ಸುಮ್ಕೆ ಕೂತ್ಕೊ. ಮಾತಾಡುದ್ರೆ ಅಂಕಿ ತಪ್ತದಂತೆ.”

ಮಿಷನ್ನು ನೂರ ಹತ್ತು ಅಂತ ತೋರಿಸಿತು. “ಓಕೆ” ಅಂದಳು ಲಕ್ಕಮ್ಮ, ಇಂಗ್ಲಿಷಿನಲ್ಲಿ. ತಾಯಿ ಮಗಳು ಇಬ್ಬರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಬಿಳಿ ಹುಡುಗಿಯೊಬ್ಬಳು ಫೋಟೋ ತೆಗೆದುಕೊಂಡಳು.

ಆ ಒಂದು ತಿಂಗಳು ಕಾಲೊನಿಯ ಹೆಂಗಸರೆಲ್ಲ ಬಂದು ಲಕ್ಕಮ್ಮನ ಮುಂದೆ ಕೈ ಚಾಚಿದರು. ಪಕ್ಕದ ಮನೆಯ ಗಂಗಾಂಬಿಕೆಗೆ ನೂರ ಎಂಬತ್ತು ಬಂತು. ಲಕ್ಕಮ್ಮ ಮಾರಕ್ಕನಿಗೆ ತೋರಿಸಿದಳು. ಮಾರಕ್ಕ ಆವತ್ತೇ ಹೊಳೆನರಸೀಪುರಕ್ಕೆ ಕಳಿಸಿ ಮಾತ್ರೆ ಶುರುಮಾಡಿಸಿದಳು. “ಲಕ್ಕಕ್ಕ ಇಲ್ದಿದ್ರೆ ನಾನು ಗದ್ದೇಲೆ ಬಿದ್ದೋಗ್ತಿದ್ದೆ ಕಣ್ರೀ” ಅಂತ ಗಂಗಾಂಬಿಕೆ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ಅದನ್ನು ಕೇಳಿದ ದಿನ ಲಕ್ಕಮ್ಮ ನೆಲ ಒರೆಸುವಾಗಲೂ ಬೆನ್ನು ನೋಯಲಿಲ್ಲ.

ಮಾರಕ್ಕ ಹೊರಡಲು ನಾಲ್ಕು ದಿನ ಇತ್ತು. ಚನ್ನಪ್ಪನವರ ಹೆಂಡತಿ ಜಯಲಕ್ಷ್ಮಮ್ಮ ಸೊಸೆ ರೂಪಶ್ರೀಯನ್ನು ಜೊತೆಗಿಟ್ಟುಕೊಂಡು ಆಸ್ಪತ್ರೆಗೆ ಬಂದರು. ರೂಪಶ್ರೀ ಮೈಸೂರಿನಲ್ಲಿ ಓದಿದವಳು. ಬಿಳಿಯರ ಮಾತನ್ನು ಊರಿಗೆ, ಊರಿನ ಮಾತನ್ನು ಬಿಳಿಯರಿಗೆ ದಾಟಿಸುವವಳು ಅವಳೇ. ಅತ್ತೆಗೆ ಬೀಪಿ ನೋಡಬೇಕು ಅಂದಳು. ಮಾರಕ್ಕನಿಗೆ ಖುಷಿ. ತನ್ನ ಶಿಷ್ಯೆಯನ್ನು ತೋರಿಸುವ ಆಸೆ. ಲಕ್ಕಮ್ಮನನ್ನು ಕೂಗಿ ಮಿಷನ್ನು ಕೊಟ್ಟಳು.

ಲಕ್ಕಮ್ಮ ಸೀರೆಗೆ ಕೈ ಒರೆಸಿಕೊಂಡಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು.

ಬಿಳಿಯರು ಸುತ್ತ ನಿಂತಿದ್ದರು. ಒಬ್ಬನ ಕೈಯಲ್ಲಿ ಕ್ಯಾಮೆರಾ ಇತ್ತು. ಜಯಲಕ್ಷ್ಮಮ್ಮ ಬೇಡ ಅನ್ನಲಾಗಲಿಲ್ಲ. ಕೈ ಚಾಚಿ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಇಪ್ಪತ್ತೈದು ವರ್ಷ ಅವರ ಹಿತ್ತಲಲ್ಲಿ ನಿಂತು ಮೇಲಿಂದ ಸುರಿದ ನೀರನ್ನು ಬೊಗಸೆಯಲ್ಲಿ ಕುಡಿದವಳು ಇವತ್ತು ಆ ತೋಳನ್ನು ಹಿಡಿದಳು. ತೋಳು ಕೊರಡಿನಂತೆ ಬಿಗಿಯಾಗಿತ್ತು.

“ಹೈ” ಅಂದಳು ಲಕ್ಕಮ್ಮ. ಬಿಳಿಯರು ಚಪ್ಪಾಳೆ ತಟ್ಟಿದರು.

ಆ ಸಂಜೆ ಹೊನ್ನಯ್ಯ ಉಣ್ಣುತ್ತಾ, ತಲೆ ಎತ್ತದೆ ಹೇಳಿದ. “ಅಮ್ಮಾರು ವತ್ತಲ್ಲದ ವತ್ನಲ್ಲಿ ನೀರ್ ಕಾಯ್ಸುಸ್ಕೊಂಡು ತಲೇಗ್ ಉಯ್ಕೊಂಡ್ರು. ತೊಟ್ಟಿದ್ ಕುಪ್ಸಾನ ತಿಪ್ಪೇಗ್ ಎಸೆಯಾಕ್ ಕೊಟ್ರು. ನಾನೇ ಎಸ್ದೆ.”

ಲಕ್ಕಮ್ಮ ಸಾರಿನ ಪಾತ್ರೆ ಹತ್ತಿರಕ್ಕೆ ಎಳೆದುಕೊಂಡಳು. ಇನ್ನೊಂದು ಸೌಟು ಸಾರು ಬಡಿಸಿದಳು.

ಬಿಳಿಯರು ಹೋದ ಮಾರನೆಯ ದಿನ ಅನಿಲ್‌ಕುಮಾರ್ ಬಂದ. ಚನ್ನಪ್ಪನವರ ಮಗ, ಟ್ರಸ್ಟಿನ ವ್ಯವಹಾರ ನೋಡಿಕೊಳ್ಳುವವನು. ಮಿಷನ್ನನ್ನು ಡಬ್ಬಿಗೆ ಹಾಕಿ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದ.

“ನೀನು ಗುಡ್ಸು, ಒರ್ಸು, ಅಷ್ಟ್ ಸಾಕು. ಮಿಷನ್ ಗಿಷನ್ ಮುಟ್ಟಾಕೋಗ್ಬೇಡ. ತಿಂಗ್ಳಿಗೊಂದ್ಸಲ ಡಾಕ್ಟ್ರು ಬತ್ತಾರಲ್ಲ, ಆಗ ತೆಗೆಯಾನ.”

“ಮಾರಕ್ಕಾರು ನಂಗೆ ಯೋಳ್ಕೊಟ್ಟವ್ರೆ ಸಾ. ಕಾಲೊನಿ ಎಂಗಸ್ರಿಗೆ ವಾರ ವಾರ ನೋಡು ಅಂದವ್ರೆ.”

“ಮಾರಕ್ಕ ಇರಾದು ಎರಡ್ ತಿಂಗ್ಳು. ನಾವಿರಾದು ಅನ್ನೆರಡ್ ತಿಂಗ್ಳು. ನಿಂಗೆ ಯಾರ್ ಮಾತು ಬೇಕು?”

ಅಲ್ಲಿಗೆ ಮುಗಿಯಿತು. ಕಾಲೊನಿಯ ಹೆಂಗಸರು ಬಂದು ಬಂದು ವಾಪಸು ಹೋದರು. ಆಮೇಲೆ ಬರುವುದನ್ನು ಬಿಟ್ಟರು.

ಶ್ರಾವಣಕ್ಕೆ ಭಾಗ್ಯಳನ್ನು ಚೊಚ್ಚಲ ಬಾಣಂತನಕ್ಕೆ ಕರೆತಂದರು. ಎಂಟನೇ ತಿಂಗಳು. ಹಿಂದಿನ ತಿಂಗಳು ಸರ್ಕಾರದ ನರ್ಸಮ್ಮ ನೋಡಿ ಎಲ್ಲ ಸರಿಯಾಗಿದೆ ಅಂತ ತಾಯಿ ಕಾರ್ಡಿನಲ್ಲಿ ಬರೆದಿದ್ದರು. ಬಂದ ಎರಡನೇ ವಾರ, ಒಂದು ಶನಿವಾರ ಬೆಳಿಗ್ಗೆ, ಭಾಗ್ಯ ತಲೆ ಹಿಡಿದುಕೊಂಡು ಕೂತಳು. ಪಾದ ಊದಿತ್ತು. ಅದು ಮೊದಲೂ ಇತ್ತು. ಇವತ್ತು ಕೈಬೆರಳೂ ಊದಿ ಉಂಗುರ ಕಚ್ಚಿಕೊಂಡಿತ್ತು. ರೆಪ್ಪೆ ದಪ್ಪಗಾಗಿತ್ತು.

“ಕಣ್ಮುಂದೆ ವಗೆ ವಗೆ ಆಡ್ದಂಗಾಯ್ತದೆ ಕಣವ್ವ.”

ಲಕ್ಕಮ್ಮನಿಗೆ ಮಾರಕ್ಕ ಓಡಿ ತೋರಿಸಿದ್ದು ನೆನಪಾಯಿತು. ಗೊತ್ತಾಯಿತು ಅವಳಿಗೆ. ಆದರೆ ಗೊತ್ತಾದದ್ದನ್ನು ಅವಳೇ ನಂಬಲಿಲ್ಲ. ಅಂಕಿ ನೋಡಬೇಕು ಅಂದುಕೊಂಡಳು. ಅಂಕಿ ನೂರ ನಲವತ್ತು ದಾಟಿದ್ದರೆ ಓಡಬೇಕು. ದಾಟದಿದ್ದರೆ ಸುಮ್ಮನೆ ಹೊಳೆನರಸೀಪುರಕ್ಕೆ ಹೋಗಿ ಒಂದು ದಿನ ಕಳೆಯುವುದು ಯಾಕೆ? ಹೊನ್ನಯ್ಯನೂ ಅದನ್ನೇ ಹೇಳಿದ. “ಮೊನ್ನೆ ತಾನೆ ನೋಡವ್ರೆ. ನೀನು ಮಿಷನ್ನಲ್ಲಿ ಒಂದ್ಸಲ ನೋಡ್ಬುಡು, ಆಮೇಲ್ ಓಗನ.”

ಅವಳು ದೊಡ್ಡಮನೆಯ ಹಿತ್ತಲಿಗೆ ಓಡಿದಳು.

ಜಯಲಕ್ಷ್ಮಮ್ಮ ಕೊಟ್ಟಿಗೆಯ ಹತ್ತಿರ ನಿಂತಿದ್ದರು. “ಏನೇ ಲಕ್ಕಿ?”

“ಬೀರು ಕೀಲಿ ಬೇಕಾಗಿತ್ತು ಅಮ್ಮಾರೆ. ಮಗಿಗೆ ತಲೆನೋವು, ಮೈಯೆಲ್ಲ ಊದದೆ. ಬೀಪಿ ನೋಡ್ಬುಟ್ಟು ತಕ್ಷಣ ತಂದ್ ಕೊಟ್ಬುಡ್ತೀನಿ.”

“ಕೀಲಿ ಅನಿಲನ ತಾವ್ ಅದೆ. ಅವ್ನು ಮದ್ವೆಗೆ ಚನ್ನರಾಯಪಟ್ಟಣಕ್ಕೋಗವ್ನೆ.”

“ಒಳ್ಗಡೆ ಇನ್ನೊಂದ್ ಅದೆ ಅಂದಿದ್ರು ಅಮ್ಮಾರೆ, ರೂಪಮ್ಮಾರು.”

ಜಯಲಕ್ಷ್ಮಮ್ಮನ ಮುಖ ಬಿಗಿಯಿತು. “ಬಸ್ರಿ ಅಂದ್ಮೇಲೆ ಊದ್ಕಂತದೆ. ನಾವೂ ಎತ್ತಿಲ್ವಾ? ಯಾವ್ ಮಿಷನ್ ಇಟ್ಕೊಂಡ್ ಎತ್ತುದ್ವು? ಓಗು, ಉಪ್ಪು ಕಮ್ಮಿ ಮಾಡು.”

ಲಕ್ಕಮ್ಮ ಹೋಗಲಿಲ್ಲ. ಹಿತ್ತಲ ಬಾಗಿಲಲ್ಲೇ ನಿಂತಳು. ಗಂಡನ ಫೋನಿನಿಂದ ಅನಿಲನಿಗೆ ಮಾಡಿದಳು. ಆ ಕಡೆಯಿಂದ ಓಲಗದ ಸದ್ದು. ಮೊದಲ ಸಲ ಅವನಿಗೆ ಕೇಳಿಸಲಿಲ್ಲ. ಎರಡನೇ ಸಲ, “ಸೋಮ್ವಾರ ಬತ್ತೀನಲ್ಲ, ನೋಡನ ಬುಡು” ಅಂದ. ಮೂರನೇ ಸಲ ಎತ್ತಲಿಲ್ಲ. ರೂಪಶ್ರೀ ಒಮ್ಮೆ ಅಡುಗೆಮನೆಯ ಕಿಟಕಿಗೆ ಬಂದಳು. ಲಕ್ಕಮ್ಮನನ್ನು ನೋಡಿದಳು. ಒಳಗಿನಿಂದ ಅತ್ತೆ ಕರೆದರು. ಹೋದಳು. ಮತ್ತೆ ಬರಲಿಲ್ಲ.

ಎರಡು ಗಂಟೆ ನಿಂತಳು ಲಕ್ಕಮ್ಮ. ದನ ಮೇವಿಗೆ ಹೋದವು. ಬಿಸಿಲು ಕಾಲಿಗೆ ಬಂತು. ಬೀಗ ಒಡೆದುಬಿಡಲಾ ಅನ್ನಿಸಿತು. ಒಡೆದರೆ ಕಳ್ಳಿ ಅನ್ನುತ್ತಾರೆ. ಹೊನ್ನಯ್ಯನ ಕೆಲಸ ಹೋಗುತ್ತದೆ. ಮನೆಗೆ ಬಂದಳು. ಭಾಗ್ಯ ಮಲಗಿದ್ದಳು. ಸಂಜೆಗೆ ಸ್ವಲ್ಪ ಗಂಜಿ ಕುಡಿದಳು. “ಪರ್ವಾಗಿಲ್ಲ ಕಣವ್ವ ಈಗ” ಅಂದಳು. ಆ ಒಂದು ಮಾತನ್ನು ಹಿಡಿದುಕೊಂಡು ಲಕ್ಕಮ್ಮ ಬೆಳಗಿನ ಬಸ್ಸಿಗೆ ಹೋದರಾಯಿತು ಅಂದುಕೊಂಡಳು.

ಭಾನುವಾರ ಬೆಳಿಗ್ಗೆ ಭಾಗ್ಯ ಮುಖ ತೊಳೆಯಲು ಎದ್ದವಳು ಬಚ್ಚಲ ಕಲ್ಲಿನ ಮೇಲೆ ಬಿದ್ದಳು. ಕೈಕಾಲು ಸೆಟೆದುಕೊಂಡವು. ಹಲ್ಲು ಕಚ್ಚಿ ನಾಲಿಗೆ ಸೀಳಿ ರಕ್ತ ಬಂತು. ಆಂಬುಲೆನ್ಸು ಬಂತು. ಹೊಳೆನರಸೀಪುರದಲ್ಲಿ ಒಂದು ಇಂಜೆಕ್ಷನ್ ಕೊಟ್ಟು ಹಾಸನಕ್ಕೆ ಕಳಿಸಿದರು. ಮೊಸಳೆಹೊಸಹಳ್ಳಿ ದಾಟಿದ ಮೇಲೆ ಇನ್ನೊಂದು ಸಲ ಸೆಳೆತ ಬಂತು. ಲಕ್ಕಮ್ಮ ಮಗಳ ಎರಡೂ ಕೈ ಹಿಡಿದುಕೊಂಡಿದ್ದಳು. ಹಿಡಿದರೂ ಅವು ನಿಲ್ಲಲಿಲ್ಲ.

ಹಾಸನದಲ್ಲಿ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು. ಬದುಕಿತು. ಭಾಗ್ಯ ಕಣ್ಣು ಬಿಡಲಿಲ್ಲ. ಮಧ್ಯಾಹ್ನ ಮೂರಕ್ಕೆ ಮುಗಿಯಿತು.

ಡಾಕ್ಟರಮ್ಮ ಚಿಕ್ಕವರು. ಅವರ ಕಣ್ಣೂ ಕೆಂಪಾಗಿತ್ತು. “ಬೀಪಿ ಇನ್ನೂರರ ಮೇಲಿತ್ತಮ್ಮ. ನಿನ್ನೆ ಬಂದಿದ್ರೆ ಏನಾದ್ರೂ ಮಾಡ್ಬೋದಿತ್ತು. ಮನೇಲಿ ಬೀಪಿ ನೋಡೋರು ಯಾರೂ ಇರ್ಲಿಲ್ವಾ?”

ಲಕ್ಕಮ್ಮ ನೆಲ ನೋಡಿದಳು. ಇದ್ದೆ ಅನ್ನಲು ಬಾಯಿ ಬರಲಿಲ್ಲ.

ಮಗಳನ್ನು ನಾಲೆಯಾಚೆಯ ತಮ್ಮ ಜಾಗದಲ್ಲಿ ಮಣ್ಣು ಮಾಡಿದರು. ನಟರಾಜ್ ಹದಿನೈದು ದಿನ ಮಾವನ ಮನೆಯಲ್ಲೇ ಕೂತಿದ್ದು, ಮಗುವನ್ನು ಅತ್ತೆಯ ಕೈಗೆ ಕೊಟ್ಟು ಗಿರಣಿಗೆ ಹೋದ. ಲಕ್ಕಮ್ಮನೂ ಕೆಲಸಕ್ಕೆ ಹೋದಳು. ಹೋಗದೆ ಮಗುವಿಗೆ ಹಾಲೆಲ್ಲಿಂದ? ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನೆಲ ಒರೆಸಿದಳು. ಬೆಂಚು ಒರೆಸಿದಳು. ಆ ಬೀರುವನ್ನೂ ಒರೆಸಿದಳು. ದಿನಾ. ಹೊರಗಿನಿಂದ.

ಇಷ್ಟನ್ನೂ ಹಾಲೆಂಡಿಗೆ ಯಾರೂ ಬರೆಯಲಿಲ್ಲ.

ಜನವರಿ ಬಂತು. ಮಾರಕ್ಕ ಬರುವ ಹಿಂದಿನ ದಿನ ಅನಿಲ್‌ಕುಮಾರ್ ಮೊದಲ ಸಲ ಲಕ್ಕಮ್ಮನ ಗುಡಿಸಲ ಮುಂದೆ ಬೈಕು ನಿಲ್ಲಿಸಿದ. ಕೆಳಗೆ ಇಳಿಯಲಿಲ್ಲ.

“ಈ ಸಲ ಫಂಕ್ಷನ್ ಜೋರಾಗಿ ಮಾಡ್ತಾ ಇದೀವಿ. ಅವರ ದೊಡ್ಡ ಆಫೀಸಿನೋರೂ ಬತ್ತಾವ್ರೆ. ನಿಂಗೆ ಶಾಲು ಒದ್ಸಿ ಸನ್ಮಾನ. ಎರಡ್ ಮಾತಾಡು. ಒಳ್ಳೇದಾಯ್ತು, ಕಲ್ತ್ಕೊಂಡೆ, ಅಂತ. ಆ ವಿಷ್ಯ ಎತ್ಬೇಡ. ಅವ್ರು ಬೇಜಾರ್ ಮಾಡ್ಕೊತಾರೆ.” ಮಗುವನ್ನು ನೋಡಿದ. “ಇದನ್ನ ಅವರ ಲಿಸ್ಟಿಗೆ ಸೇರಿಸ್ತೀನಿ. ಓದು ಬರಹ ಎಲ್ಲ ಅವ್ರೇ ನೋಡ್ಕೊತಾರೆ, ದೊಡ್ಡೋಳಾಗೋಗಂಟ.”

ಅವನು ಹೋದ ಮೇಲೆ ಹೊನ್ನಯ್ಯ ಜಗಲಿಯಲ್ಲಿ ಕೂತ. ಕಾಯಿ ಸುಲಿದು ಸುಲಿದು ಬಿರಿದ ಅಂಗೈಯನ್ನು ಬಹಳ ಹೊತ್ತು ನೋಡಿಕೊಂಡ.

“ಅವ್ರು ಯೋಳ್ದಂಗ್ ಮಾಡ್ಬುಡು ಲಕ್ಕಿ. ಸತ್ತೋಳು ಬರಾಕಿಲ್ಲ. ಇರಾದಾದ್ರೂ ನೆಟ್ಟಗಾಗ್ಲಿ.”

“ಅದ್ಕೆ ನನ್ ಮಗಳ ಸಾವ್ನ ನಾನು ನುಂಗ್ಬೇಕಾ?”

“ನಾನ್ ನುಂಗಿಲ್ವಾ? ದಿನಾ ಅವ್ರ ತ್ವಾಟಕ್ಕೆ ಓಗಿಲ್ವಾ?” ಅವನು ಅಂಗೈಗಳನ್ನು ಪಂಚೆಗೆ ಒರೆಸಿಕೊಂಡ. “ನಾನೂ ಅವಳಪ್ಪ ಕಣೆ.”

ಲಕ್ಕಮ್ಮ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ದಿನ ಶಾಲೆಯ ಬಯಲಿಗೆ ಶಾಮಿಯಾನ ಹಾಕಿದ್ದರು. ಊರಿನವರಿಗೆ, ಬಿಳಿಯರಿಗೆ ಕುರ್ಚಿ. ಕಾಲೊನಿಯವರಿಗೆ ಕೆಳಗೆ ಟಾರ್ಪಾಲು. ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ಬ್ಯಾನರು. ಲಕ್ಕಮ್ಮ ಅದನ್ನು ನೋಡಿ ನಿಂತಲ್ಲೇ ನಿಂತಳು. ಬ್ಯಾನರಿನಲ್ಲಿ ಅವಳೇ ಇದ್ದಳು, ಮಗಳ ತೋಳಿಗೆ ಪಟ್ಟಿ ಕಟ್ಟುತ್ತಿದ್ದಳು. ಭಾಗ್ಯ ಬಾಯ್ತುಂಬ ನಗುತ್ತಿದ್ದಳು. ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು.

“ಏನಂತ ಬರ್ದದೆ ರೂಪಮ್ಮಾರೆ?”

ರೂಪಶ್ರೀ ಅವಳ ಮುಖ ನೋಡಲಿಲ್ಲ. “ನಮ್ಮ ಆರೋಗ್ಯ ನಮ್ಮ ಕೈಯಲ್ಲೇ, ಅಂತ.”

ಮಾರಕ್ಕ ಓಡಿಬಂದು ಲಕ್ಕಮ್ಮನನ್ನು ತಬ್ಬಿಕೊಂಡಳು. ಬೆನ್ನಲ್ಲಿದ್ದ ಮಗುವಿನ ಕೆನ್ನೆ ಮುಟ್ಟಿದಳು. “ಭಾಗ್ಯ ಬೇಬಿ?” ಅಂದಳು. ಲಕ್ಕಮ್ಮ ತಲೆ ಆಡಿಸಿದಳು. ಮಾರಕ್ಕ ಸುತ್ತ ನೋಡಿದಳು, ಭಾಗ್ಯ ಎಲ್ಲಿ ಅಂತ. ಅಷ್ಟರಲ್ಲಿ ಅನಿಲ್‌ಕುಮಾರ್ ಬಂದು ಅವಳನ್ನು ವೇದಿಕೆಗೆ ಕರೆದೊಯ್ದ.

ಭಾಷಣಗಳಾದವು. ಮಕ್ಕಳು ಇಂಗ್ಲಿಷ್ ಹಾಡು ಹಾಡಿದರು. ಆಮೇಲೆ ಲಕ್ಕಮ್ಮನ ಹೆಸರು ಕೂಗಿದರು. ಅವಳು ಮಗುವನ್ನು ಗಂಡನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿದಳು. ಹೊನ್ನಯ್ಯ ಅವಳನ್ನು ಒಂದು ಗಳಿಗೆ ನೋಡಿದ. ಕಣ್ಣಲ್ಲಿ ಬೇಡಿಕೆ ಇತ್ತು.

ಮೈಕು ಕೊಟ್ಟರು. ಪಕ್ಕದಲ್ಲಿ ರೂಪಶ್ರೀ ಇನ್ನೊಂದು ಮೈಕು ಹಿಡಿದು ನಿಂತಳು.

“ನನ್ನೆಸ್ರು ಲಕ್ಕಮ್ಮ” ಅಂದಳು. “ಮಾರಕ್ಕಾರು ನಂಗೆ ಬೀಪಿ ನೋಡಾದ್ ಯೋಳ್ಕೊಟ್ರು.”

ರೂಪಶ್ರೀ ಇಂಗ್ಲಿಷಿನಲ್ಲಿ ಹೇಳಿದಳು. ಬಿಳಿಯರು ನಕ್ಕು ತಲೆದೂಗಿದರು.

“ಅವ್ರು ಓದ್ ಮಾರ್ನೆ ದಿನ ಮಿಷನ್ ಬೀರುಗೆ ಆಕಿ ಬೀಗ ಆಕುದ್ರು. ನನ್ ಮಗಳಿಗೆ ತಲೆನೋವು ಬಂದಾಗ ಕೀಲಿ ಕೊಡ್ಲಿಲ್ಲ. ಎರಡ್ ಗಂಟೆ ನಿಂತಿದ್ದೆ. ಕೊಡ್ಲಿಲ್ಲ. ಅವ್ಳು ಸತ್ತೋದ್ಲು.”

  ಜಯಲಕ್ಷ್ಮಮ್ಮ ಕುರ್ಚಿಯ ಕೈ ಹಿಡಿದುಕೊಂಡರು. ರೂಪಶ್ರೀ ಮಾವನನ್ನು ನೋಡಿದಳು, ಗಂಡನನ್ನು ನೋಡಿದಳು.  ಆಮೇಲೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಸಣ್ಣದು. ನಾಲ್ಕೇ ಮಾತು.

ಬಿಳಿಯರು ಚಪ್ಪಾಳೆ ತಟ್ಟಿದರು. ಮಾರಕ್ಕ ಎದ್ದು ನಿಂತು ತಟ್ಟಿದಳು.

ಲಕ್ಕಮ್ಮನಿಗೆ ಅರ್ಥವಾಯಿತು. ಮಗಳು ಸತ್ತಳು ಅಂದರೆ ಯಾವ ದೇಶದಲ್ಲೂ ಚಪ್ಪಾಳೆ ತಟ್ಟುವುದಿಲ್ಲ.

ಮಾರಕ್ಕ ಶಾಲು ಹಿಡಿದು ಮುಂದೆ ಬಂದಳು. ಲಕ್ಕಮ್ಮ ಅವಳ ಎರಡೂ ಮಣಿಕಟ್ಟು ಹಿಡಿದು ತಡೆದಳು. ಬಲವಾಗಿ. ನಾಟಿ ಹಾಕಿದ ಕೈ, ಬಕೆಟ್ಟು ಹೊತ್ತ ಕೈ. ಶಾಲು ಕೆಳಗೆ ಬಿತ್ತು. ಲಕ್ಕಮ್ಮ ಬ್ಯಾನರಿನ ಕಡೆ ತಿರುಗಿ ಮಗಳ ಮುಖಕ್ಕೆ ಕೈ ತೋರಿಸಿದಳು. ತನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಮಾಡಿದಳು.

“ಭಾಗ್ಯ. ಬೀಪಿ. ಹೈ.” ಬೀಗ ತಿರುಗಿಸುವಂತೆ ಕೈ ಮಾಡಿದಳು. “ಲಾಕ್. ಕೀ ನೋ.” ಜಯಲಕ್ಷ್ಮಮ್ಮನ ಕಡೆ, ಅನಿಲನ ಕಡೆ ಬೆರಳು ಮಾಡಿದಳು. “ಕೀ ನೋ. ಭಾಗ್ಯ...” ಸಾವಿಗೆ ಇಂಗ್ಲಿಷ್ ಗೊತ್ತಿರಲಿಲ್ಲ. ನೆಲಕ್ಕೆ ಬಗ್ಗಿ ಎರಡೂ ಕೈಯಿಂದ ಮಣ್ಣು ಎಳೆದು ಮುಚ್ಚುವಂತೆ ತೋರಿಸಿದಳು.

ಮಾರಕ್ಕನ ಮುಖದಲ್ಲಿ ರಕ್ತವಿರಲಿಲ್ಲ. ಅವಳು ರೂಪಶ್ರೀಯನ್ನು ಏನೋ ಕೇಳಿದಳು. ಮತ್ತೆ ಕೇಳಿದಳು, ಕೂಗಿ. ರೂಪಶ್ರೀ ಮೈಕು ಕೆಳಗಿಟ್ಟು ಮುಖ ಮುಚ್ಚಿಕೊಂಡು ಅಳುತ್ತಾ, ಈ ಸಲ ಉದ್ದಕ್ಕೆ, ಎಲ್ಲವನ್ನೂ ಹೇಳಿದಳು.

ಅನಿಲ್‌ಕುಮಾರ್ ಇನ್ನೊಂದು ಮೈಕಿನಲ್ಲಿ ಊಟಕ್ಕೆ ಏಳಬೇಕಾಗಿ ವಿನಂತಿ ಅಂದ.

ಮಾರನೆಯ ದಿನ ಮಾರಕ್ಕ ಗುಡಿಸಲಿಗೆ ಬಂದಳು. ರೂಪಶ್ರೀಯೂ ಜೊತೆಗೆ ಬಂದಿದ್ದಳು, ಮನೆಯಲ್ಲಿ ಹೇಳದೆ. ಮಾರಕ್ಕ ನೆಲದ ಮೇಲೆ ಕೂತು ಬಹಳ ಅತ್ತಳು. ಮಿಷನ್ನಿನ ಡಬ್ಬಿಯನ್ನು ಲಕ್ಕಮ್ಮನ ಮುಂದೆ ಇಟ್ಟಳು.

“ಇದು ನಿನ್ನದೇ ಅಂತೆ” ಅಂದಳು ರೂಪಶ್ರೀ. “ಯಾಕೆ ನಂಗೆ ಫೋನ್ ಮಾಡ್ಲಿಲ್ಲ ಅಂತ ಕೇಳ್ತಿದಾರೆ.”

“ಯಾವ್ ಭಾಷೇಲಿ ಮಾಡ್ಲಿ?” ಅಂದಳು ಲಕ್ಕಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸುಸ್ತಿತ್ತು. “ನೀನು ಒಳ್ಳೇವ್ಳು ಮಾರಕ್ಕ. ಬಕೆಟ್ ಇಡ್ಕೊಂಡೆ, ಕುರ್ಚಿ ಮ್ಯಾಲ್ ಕುಂಡ್ರುಸ್ದೆ. ಓಗಾವಾಗ ಕೀಲಿ ಮಾತ್ರ ಅವ್ರ ಕೈಗ್ ಕೊಟ್ಟೋದೆ. ಯಾರ್ ಕೈಗ್ ಕೊಡ್ಲಿ ಅಂತ ನಮ್ಮುನ್ನ ಒಂದ್ ಮಾತು ಕೇಳಿದ್ಯಾ?”

ರೂಪಶ್ರೀ ಅದನ್ನು ದಾಟಿಸಿದಳು.  ಲಕ್ಕಮ್ಮ ಡಬ್ಬಿಯನ್ನು ಎರಡು ಕೈಯಿಂದ ಹಿಂದಕ್ಕೆ ತಳ್ಳಿದಳು.

“ಇದನ್ ಎತ್ಕೊಂಡೋಗು. ಇದನ್ ಕಂಡ್ರೆ ನಂಗೆ ಒಟ್ಟೇಲಿ ಬೆಂಕಿ ಬೀಳ್ತದೆ.”

ತಿಂಗಳೊಳಗೆ ಹಾಲೆಂಡಿನ ಆಫೀಸಿನಿಂದ ಕಾಗದ ಬಂತು. ಟ್ರಸ್ಟಿನ ಜೊತೆ ಕೆಲಸ ನಿಲ್ಲಿಸಿದ್ದೇವೆ ಅಂತ. ಬಿಳಿಯರು ಗಂಟುಮೂಟೆ ಕಟ್ಟಿದರು. ಮುಂದಿನ ವರ್ಷದಿಂದ ಬೇರೆ ಯಾವುದೋ ದೇಶಕ್ಕೆ ಹೋಗುತ್ತಾರಂತೆ. ಅನಿಲ್‌ಕುಮಾರನಿಗೆ ಏನೂ ಆಗಲಿಲ್ಲ. ಕಟ್ಟಡ ಅವರದೇ ಜಾಗದಲ್ಲಿತ್ತು. ಕೆಳಗೆ ಗೊಬ್ಬರದ ಮೂಟೆ ತುಂಬಿಸಿದ. ಲಕ್ಕಮ್ಮನ ಕೆಲಸ ಹೋಯಿತು. ಹೊನ್ನಯ್ಯನನ್ನೂ ತೋಟಕ್ಕೆ ಬರಬೇಡ ಅಂದರು. ಸಂಜೆ ಪಾಠ ನಿಂತಿತು. ಮಕ್ಕಳ ಹಾಲು ನಿಂತಿತು. ತಿಂಗಳಿಗೊಮ್ಮೆ ಬರುತ್ತಿದ್ದ ಡಾಕ್ಟರೂ ನಿಂತರು.

ಕಾಲೊನಿಯವರು ದೊಡ್ಡಮನೆಯ ಮೇಲೆ ಕೂಗಾಡಲಿಲ್ಲ. ಲಕ್ಕಮ್ಮನ ಮೇಲೆ ಕೂಗಾಡಿದರು. ಗಂಗಾಂಬಿಕೆಯೇ ನಲ್ಲಿಯ ಹತ್ತಿರ ಕೊಡ ಕುಕ್ಕಿ ಹೇಳಿದಳು. “ನಿನ್ ಮಗ್ಳು ಓದ್ಲು, ನಮ್ಗೂ ಸಂಕ್ಟ ಆಯ್ತು. ಅದ್ಕೆ ಎಲ್ರ ಮಕ್ಳ ಆಲ್ಗೂ ಕಲ್ ಆಕ್ದಲ್ಲೇ. ತಲೆ ತಗ್ಸಿಕೊಂಡ್ ಶಾಲ್ ಒದ್ಕೊಂಡಿದ್ರೆ ಏನಾಯ್ತಿತ್ತು?”

ಲಕ್ಕಮ್ಮ ಕೊಡ ತುಂಬಿಸಿಕೊಂಡು ಬಂದಳು. ಆವತ್ತಿನಿಂದ ಎಲ್ಲರೂ ಹೋದ ಮೇಲೆ ನೀರಿಗೆ ಹೋದಳು. ಗಂಡ ಹೆಂಡತಿ ಅರಕಲಗೂಡಿನ ಕಡೆ ಇಟ್ಟಿಗೆ ಗೂಡಿಗೆ ಕೂಲಿಗೆ ಸೇರಿದರು. ಹೊನ್ನಯ್ಯ ಒಂದು ದಿನವೂ ಅವಳನ್ನು ಬೈಯಲಿಲ್ಲ. ಅದು ಅವಳಿಗೆ ಬೈಗುಳಕ್ಕಿಂತ ಭಾರವಾಗಿತ್ತು.

ಯುಗಾದಿ ಕಳೆದು ಎರಡು ವಾರ. ಗಂಗಾಂಬಿಕೆಯ ಸೊಸೆ ಅನುಶ್ರೀ ಏಳು ತಿಂಗಳ ಬಸುರಿ. ಲಕ್ಕಮ್ಮ ಗೂಡಿಗೆ ಹೊರಟಿದ್ದಳು. ಅನುಶ್ರೀ ಹೊಸಿಲಲ್ಲಿ ಕೂತು ಹಣೆ ಒತ್ತಿಕೊಳ್ಳುತ್ತಿದ್ದುದು ಕಂಡಿತು.

ಲಕ್ಕಮ್ಮ ಮೂರು ತಿಂಗಳಿಂದ ಆ ಮನೆಯ ಅಂಗಳ ತುಳಿದಿರಲಿಲ್ಲ. ಒಳಗೆ ಹೋದಳು.

“ತಲೆನೋವಾ?”

“ಊಂ ಕಣತ್ತೆ. ಬೆಳ್ಗಿಂದ.”

“ಎದ್ದೇಳು. ಸೀರೆ ಸರಿ ಮಾಡ್ಕೊ. ಒಂಬತ್ತರ ಬಸ್ ಅದೆ.”

ಗಂಗಾಂಬಿಕೆ ಒಳಗಿನಿಂದ ಬಂದಳು. “ಎಲ್ಗೆ? ತಲೆನೋವ್ಗೆಲ್ಲ ಆಸ್ಪತ್ರೆಗಾ? ಮಿಷನ್ ಇಲ್ದೆ ನೀನೆಂಗ್ ಯೋಳೀಯೆ?”

“ಮಿಷನ್ ಕಾದು ಒಬ್ಳುನ್ನ ಮಣ್ ಮಾಡಿವ್ನಿ” ಅಂದಳು ಲಕ್ಕಮ್ಮ. “ನೀನ್ ಬಾ, ಬುಡು. ನಾನ್ ಕರ್ಕೊಂಡೋಯ್ತೀನಿ.”

ಗಂಗಾಂಬಿಕೆ ಲಕ್ಕಮ್ಮನ ಮುಖ ನೋಡಿದಳು.  ಚಪ್ಪಲಿ ಮೆಟ್ಟಿಕೊಂಡು ಗೊಣಗುತ್ತಲೇ ಹಿಂದೆ ಬಂದಳು. ಎರಡು ಮೈಲಿ ಬಿಸಿಲಲ್ಲಿ ನಡೆದರು. ಲಕ್ಕಮ್ಮ ಒಂದು ಕಂಕುಳಲ್ಲಿ ಮೊಮ್ಮಗುವನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಅನುಶ್ರೀಯ ರೆಟ್ಟೆ ಹಿಡಿದಿದ್ದಳು.

ಹೊಳೆನರಸೀಪುರದ ಆಸ್ಪತ್ರೆಯಲ್ಲಿ ಹನ್ನೆರಡಕ್ಕೆ ಅವರ ಸರದಿ ಬಂತು. ನರ್ಸು ಪಟ್ಟಿ ಕಟ್ಟಿದಳು. ಮೂತ್ರ ನೋಡಿದಳು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರು.

“ಏನೂ ಇಲ್ಲಮ್ಮ. ಎಲ್ಲ ಸರಿಯಾಗಿದೆ. ಬಿಸಿಲಿಗೆ ತಲೆ ನೋಯ್ತಿರ್ಬೇಕು. ನೀರು ಜಾಸ್ತಿ ಕುಡೀಲಿ.”

ಹೊರಗೆ ಬಂದರು. ಗಂಗಾಂಬಿಕೆಗೆ ಕೋಪ ಉಕ್ಕಿತು. “ನೋಡ್ದಾ? ಏನೂ ಇಲ್ವಂತೆ! ಸುಮ್ಕೆ ಒಂದಿನ ದಂಡ ಆಯ್ತು. ಇಬ್ರ ಕೂಲಿ ಓಯ್ತು.”

“ಊಂ” ಅಂದಳು ಲಕ್ಕಮ್ಮ. “ಒಂದಿನ ದಂಡ ಆಯ್ತು.”

ಅವಳು ಆಸ್ಪತ್ರೆಯ ಜಗಲಿಯ ಮೇಲೆ ಕುಸಿದು ಕೂತಳು. ಒಂದು ದಿನ. ಒಂದೇ ಒಂದು ದಿನ. ಅಷ್ಟನ್ನು ದಂಡ ಮಾಡಲು ಅವಳು ಮಗಳಿಗಾಗಿ ಹಿಂದೆಮುಂದೆ ನೋಡಿದ್ದಳು. ಮಣ್ಣು ಮಾಡಿದ ದಿನ ಬಾರದ ಅಳು, ವೇದಿಕೆಯ ಮೇಲೆ ಬಾರದ ಅಳು ಈಗ ಬಂತು. ಬಾಯಿಗೆ ಸೆರಗು ತುರುಕಿದರೂ ನಿಲ್ಲಲಿಲ್ಲ. ದಾರಿಯಲ್ಲಿ ಹೋಗುವವರು ಯಾರೋ ಸತ್ತಿರಬೇಕು ಅಂತ ತಿರುಗಿ ನೋಡಿದರು.

ಗಂಗಾಂಬಿಕೆ ಗೊಣಗುವುದನ್ನು ನಿಲ್ಲಿಸಿದಳು. ಬಗ್ಗಿ ಲಕ್ಕಮ್ಮನ ಮಡಿಲಿನಿಂದ ಮಗುವನ್ನು ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡಳು. ಸೊಸೆಗೆ ಕಣ್ಣಲ್ಲೇ ಕೂರು ಅಂದಳು. ತಾನೂ ಪಕ್ಕದಲ್ಲಿ ಕೂತಳು.

“ಅತ್ತೆ, ಬಸ್ಸಿನ್ ವತ್ತಾಯ್ತದೆ” ಅಂದಳು ಅನುಶ್ರೀ.

“ಓಗ್ಲಿ ಬುಡು” ಅಂದಳು ಗಂಗಾಂಬಿಕೆ. “ಮುಂದಿನದ್ಕೆ ಓಗನ.”